ಸೀಲಿಯಾಕ್ ಕಾಯಿಲೆ: ಗೋಧಿ ಒಗ್ಗದವರ ದಿನಚರಿ



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಅಕ್ಕಿಯ ನಾಡು. ಬೆಳಗಿನ ರೊಟ್ಟಿ, ಕಡುಬು, ದೋಸೆಗಳಿಂದ ಮೊದಲ್ಗೊಂಡು ರಾತ್ರಿಯ ಗಂಜಿಯವರೆಗೆ ನಮ್ಮ ಆಹಾರದ ಬೆನ್ನೆಲುಬು ಅಕ್ಕಿಯೇ ಆಗಿದೆ. ಗೋಧಿಯು ಹಬ್ಬದ ಹೋಳಿಗೆಗೆ, ಪೂಜೆಯ ಸಜ್ಜಿಗೆಗೆ ಬರುತ್ತಿದ್ದ ನೆಂಟನಂತಿತ್ತು. ಇಂದು ಅದು ಮನೆಯವನೇ ಆಗಿದೆ. ಬೆಳಗಿನ ಉಪ್ಪಿಟ್ಟು, ರಾತ್ರಿಯ ಚಪಾತಿ, ಚಹದ ಜೊತೆಯ ಬಿಸ್ಕತ್ತು, ಅಡಿಕೆ ಸುಲಿಯುವವರಿಗೆ ಪೇಟೆಯಿಂದ ತರುವ ಬನ್ನು ಇವೆಲ್ಲವೂ ಗೋಧಿಯ ರೂಪಗಳೇ. ಬಹುಪಾಲು ಜನರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಕೆಲವೇ ಕೆಲವರ ದೇಹಕ್ಕೆ ಗೋಧಿಯು ಎಂದಿಗೂ ಒಗ್ಗುವುದಿಲ್ಲ. ಅಂಥವರನ್ನು ಕುರಿತು ಈ ಪಾಠ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಆರೋಗ್ಯ ಕೇಂದ್ರಕ್ಕೆ ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಿಂದ ದಂಪತಿಗಳು ಬರುತ್ತಿದ್ದರು. ಪತ್ನಿಗೆ ಇಪ್ಪತ್ತಾರು ವರ್ಷ. ಮದುವೆಯಾಗಿ ಐದು ವರ್ಷಗಳಲ್ಲಿ ಎರಡು ಬಾರಿ ಗರ್ಭಪಾತವಾಗಿತ್ತು. ರಕ್ತದ ಹಿಮೋಗ್ಲೋಬಿನ್ ಪ್ರಮಾಣ 7 ಗ್ರಾಂ ಮಾತ್ರ. ಆಗಾಗ ಹೊಟ್ಟೆಯುಬ್ಬರ, ವಾರಕ್ಕೊಮ್ಮೆಯಾದರೂ ಭೇದಿ. ಮೂರು ಬಾರಿ ಕಬ್ಬಿಣಾಂಶದ ಮಾತ್ರೆಯನ್ನೂ ಎರಡು ಬಾರಿ ಜಂತುಹುಳುವಿನ ಮಾತ್ರೆಯನ್ನೂ ಕೊಟ್ಟು ಕಳುಹಿಸಿದವನು ನಾನೇ. ಮಾತ್ರೆಯನ್ನು ಸರಿಯಾಗಿ ನುಂಗುತ್ತಿಲ್ಲವೆಂದು ಆಕೆಯನ್ನು ಗದರಿಸಿದವನೂ ನಾನೇ. ಒಂದು ದಿನ ಜೊತೆಯಲ್ಲಿ ಬಂದಿದ್ದ ಅತ್ತೆ, "ಇವಳಿಗೆ ಏನು ಕೊಟ್ಟರೂ ಮೈಗೆ ಹತ್ತುವುದಿಲ್ಲ ಡಾಕ್ಟ್ರೇ. ಹೊಟ್ಟೆಗೆ ಹಗುರವಾಗಲಿ ಎಂದು ದಿನವೂ ರವೆ ಗಂಜಿ ಮಾಡಿ ಕೊಡುತ್ತಿದ್ದೇನೆ" ಎಂದರು. ಪ್ರೀತಿಯಿಂದ ಕೊಡುತ್ತಿದ್ದ ಆ ಗಂಜಿಯೇ ಕಾಯಿಲೆಯನ್ನು ಬೆಳೆಸುತ್ತಿತ್ತೆಂಬುದು ಶಿವಮೊಗ್ಗದಲ್ಲಿ ಪರೀಕ್ಷೆಗಳಾದ ಮೇಲೆ ನಮಗೆಲ್ಲರಿಗೂ ತಿಳಿಯಿತು. ಆಕೆಗಿದ್ದುದು ಸೀಲಿಯಾಕ್ ಕಾಯಿಲೆ.

ಈ ಕಾಯಿಲೆ ಎಂದರೇನು?

ಗೋಧಿಯ ಹಿಟ್ಟನ್ನು ನಾದಿದಾಗ ಅದು ಅಂಟಂಟಾಗಿ, ಎಳೆದರೆ ಹಿಗ್ಗುವಂತಾಗುತ್ತದಷ್ಟೆ. ಈ ಗುಣವನ್ನು ಕೊಡುವ ಸಸಾರಜನಕಕ್ಕೆ, ಅಂದರೆ ಪ್ರೋಟೀನಿಗೆ, ಗ್ಲುಟೆನ್ ಎಂದು ಹೆಸರು. ಬಾರ್ಲಿಯಲ್ಲಿಯೂ ರೈ ಎಂಬ ಧಾನ್ಯದಲ್ಲಿಯೂ ಇದೇ ಜಾತಿಯ ಸಸಾರಜನಕವಿದೆ. ಸೀಲಿಯಾಕ್ ಕಾಯಿಲೆಯುಳ್ಳವರು ಇದನ್ನು ತಿಂದಾಗ ಅವರ ದೇಹದ ರಕ್ಷಣಾಶಕ್ತಿಯು ಕೆರಳಿ, ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ.

ಸಣ್ಣ ಕರುಳಿನ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಸಸಿಮಡಿಯ ಪೈರಿನಂತೆ ಒತ್ತಾಗಿ ನಿಂತಿರುತ್ತವೆ. ನಾವು ತಿಂದ ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವ ಕೆಲಸ ಅವುಗಳದು. ಈ ಕಾಯಿಲೆಯಲ್ಲಿ ಆ ಪೈರು ದನ ಮೇಯ್ದ ಮಡಿಯಂತೆ ನೆಲಸಮವಾಗುತ್ತದೆ. ಆಗ ಎಷ್ಟು ತಿಂದರೂ ಕಬ್ಬಿಣ, ಸುಣ್ಣ, ಜೀವಸತ್ವಗಳು ದೇಹಕ್ಕೆ ಸೇರುವುದಿಲ್ಲ. "ಮೈಗೆ ಹತ್ತುವುದಿಲ್ಲ" ಎಂದು ಆ ಅತ್ತೆ ಹೇಳಿದ ಮಾತು ಅಕ್ಷರಶಃ ನಿಜವಾಗಿತ್ತು.

ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಇದು ಯಾರ ಶಾಪವೂ ಅಲ್ಲ, ಮದ್ದು ಹಾಕಿದ್ದರಿಂದ ಬಂದುದೂ ಅಲ್ಲ.

ಗೋಧಿಯೇ ಕಾರಣವೆಂದು ತಿಳಿದುದು ಹೇಗೆ?

ಈ ಕಾಯಿಲೆಯ ಲಕ್ಷಣಗಳನ್ನು ಇಂಗ್ಲೆಂಡಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿಯೇ ವಿವರಿಸಿ ಬರೆದಿದ್ದರು. ಆದರೆ ಕಾರಣ ತಿಳಿದಿರಲಿಲ್ಲ. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಅವರಿಗೆ ಗೋಧಿಯ ಮೇಲೆ ಮೊದಲಿನಿಂದ ಸಂದೇಹವಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಭೀಕರ ಕ್ಷಾಮ ಬಂದು ಬ್ರೆಡ್ಡು ಸಿಗದಂತಾಯಿತು. ಊರೆಲ್ಲ ಹಸಿವಿನಿಂದ ಬಳಲುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದೊಡನೆ ಕಾಯಿಲೆಯೂ ಮರಳಿತು. ಡಿಕ್ಕೆ ಅವರು ತಮ್ಮ ಅಧ್ಯಯನವನ್ನು 1950ರಲ್ಲಿ ಪ್ರಬಂಧವಾಗಿ ಮಂಡಿಸಿದರು. ಅಂದು ಕಂಡುಕೊಂಡ ಚಿಕಿತ್ಸೆಯೇ ಇಂದಿಗೂ ಉಳಿದಿದೆ: ಗೋಧಿಯನ್ನು ಪೂರ್ಣವಾಗಿ, ಜೀವಮಾನಪರ್ಯಂತ ಬಿಡುವುದು.

ನಮ್ಮಲ್ಲಿ ಎಷ್ಟು ಮಂದಿಗೆ ಇದೆ?

ಭಾರತದ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾಗಗಳಲ್ಲಿ 23,331 ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಈ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇಕಡ 1.23 ಮಂದಿಯಲ್ಲಿಯೂ ದಕ್ಷಿಣದಲ್ಲಿ ಶೇಕಡ 0.10 ಮಂದಿಯಲ್ಲಿಯೂ ಕಂಡುಬಂದವು. ಅಂದರೆ ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ಆದರೆ ಕಾಯಿಲೆಗೆ ದಾರಿಮಾಡುವ ವಂಶಗುಣವು ಎರಡು ಕಡೆಯೂ ಹೆಚ್ಚು ಕಡಿಮೆ ಸಮನಾಗಿ, ಸುಮಾರು ಮೂವರಲ್ಲಿ ಒಬ್ಬರಿಗೆ ಇತ್ತು. ವ್ಯತ್ಯಾಸವಿದ್ದುದು ಊಟದಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದುದು 25 ಗ್ರಾಂ.

ಇದರಿಂದ ಎರಡು ವಿಷಯ ತಿಳಿಯಬೇಕು. ಒಂದು, ವಂಶಗುಣವಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ನಮ್ಮ ನಾಡಿನಲ್ಲಿ ಇದು ಅಪರೂಪವೇ. ಆದುದರಿಂದ ಭೇದಿಯಾದೊಡನೆ ಗೋಧಿಯನ್ನು ದೂಷಿಸಬಾರದು. ಎರಡು, ಅಪರೂಪವೆಂಬ ಕಾರಣಕ್ಕೇ ವೈದ್ಯರೂ ಇದನ್ನು ಮರೆಯುವುದುಂಟು. ನಾನೇ ಮರೆತಿದ್ದೆನೆಂಬುದನ್ನು ಮೇಲೆ ಹೇಳಿದ್ದೇನೆ.

ಯಾವಾಗ ಸಂದೇಹಪಡಬೇಕು?

ಕೆಳಗಿನ ಲಕ್ಷಣಗಳು ತಿಂಗಳುಗಟ್ಟಲೆ ಮುಂದುವರಿದರೆ ವೈದ್ಯರಿಗೆ ತಿಳಿಸಿ:

1. ಕಬ್ಬಿಣಾಂಶದ ಮಾತ್ರೆಯನ್ನು ಕ್ರಮವಾಗಿ ತೆಗೆದುಕೊಂಡರೂ ಏರದ ರಕ್ತಹೀನತೆ.
2. ಪದೇ ಪದೇ ಭೇದಿ, ಹೊಟ್ಟೆಯುಬ್ಬರ, ಜಿಡ್ಡುಜಿಡ್ಡಾದ ಮಲ. ಕೆಲವರಲ್ಲಿ ಭೇದಿಯ ಬದಲು ಮಲಬದ್ಧತೆಯೂ ಇರುವುದುಂಟು.
3. ಕಾರಣವಿಲ್ಲದೆ ತೂಕ ಇಳಿಯುವುದು, ಸದಾ ಆಯಾಸ, ಮೂಳೆನೋವು.
4. ಮಗುವಿನ ತೂಕ, ಎತ್ತರಗಳು ವಯಸ್ಸಿಗೆ ತಕ್ಕಂತೆ ಬೆಳೆಯದಿರುವುದು. ಕೈಕಾಲು ಬಡಕಲಾಗಿ ಹೊಟ್ಟೆ ಮಾತ್ರ ದಪ್ಪವಾಗಿರುವುದು.
5. ಬೇರೆ ಕಾರಣ ಕಾಣದ ಬಂಜೆತನ ಅಥವಾ ಮರುಕಳಿಸುವ ಗರ್ಭಪಾತ.
6. ಮೊಣಕೈ, ಮೊಣಕಾಲು, ಪೃಷ್ಠಗಳ ಮೇಲೆ ವಿಪರೀತ ತುರಿಕೆಯ ಗುಳ್ಳೆಗಳು.

ಜಂತುಹುಳು, ಆಮಶಂಕೆ, ಕರುಳಿನ ಕ್ಷಯ ಮುಂತಾದ ಬೇರೆ ಕಾಯಿಲೆಗಳಲ್ಲಿಯೂ ಇಂಥ ಲಕ್ಷಣಗಳು ಕಾಣುತ್ತವೆ. ಆದುದರಿಂದ ಪರೀಕ್ಷೆಯಿಲ್ಲದೆ ನಿರ್ಣಯ ಮಾಡಲಾಗದು.

ಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿ

ಇದು ಬಹಳ ಮುಖ್ಯವಾದ ಮಾತು. ಸಂದೇಹ ಬಂದೊಡನೆ ತಾವಾಗಿಯೇ ಗೋಧಿ ಬಿಟ್ಟು, ಆಮೇಲೆ ಪರೀಕ್ಷೆಗೆ ಹೋದರೆ ರಕ್ತದಲ್ಲಿ ಪ್ರತಿಕಾಯಗಳು ಕಡಿಮೆಯಾಗಿ ಕಾಯಿಲೆ ಇಲ್ಲವೆಂಬ ತಪ್ಪು ಉತ್ತರ ಬರಬಹುದು. ಮೊದಲು ಟಿ.ಟಿ.ಜಿ. ಎಂಬ ರಕ್ತಪರೀಕ್ಷೆ ಮಾಡುತ್ತಾರೆ. ಅದು ಕಾಯಿಲೆಯನ್ನು ಸೂಚಿಸಿದರೆ ಬಾಯಿಯ ಮೂಲಕ ಸಣ್ಣ ನಳಿಕೆಯನ್ನು ಇಳಿಸಿ, ಕರುಳಿನ ಒಳಪೊರೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದಕ್ಕೆ ಎಂಡೋಸ್ಕೋಪಿ ಎನ್ನುವರು. ಭಯಪಡಬೇಕಾದುದೇನೂ ಇಲ್ಲ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಜೀವಮಾನವಿಡೀ ಪಾಲಿಸಬೇಕಾದ ಪಥ್ಯವನ್ನು ಊಹೆಯ ಮೇಲೆ ಆರಂಭಿಸಬಾರದು.

ತಿನ್ನಬಹುದಾದುದು, ತಿನ್ನಬಾರದುದು

ಕಾಯಿಲೆ ಖಚಿತವಾದಾಗ ಆ ದಂಪತಿಗಳು, "ಇನ್ನು ತಿನ್ನುವುದಾದರೂ ಏನನ್ನು?" ಎಂದು ಕಳವಳಗೊಂಡರು. ಆದರೆ ಯೋಚಿಸಿ ನೋಡಿ. ಗೋಧಿಯನ್ನೇ ನೆಚ್ಚಿದ ನಾಡಿನವರಿಗೆ ಈ ಪಥ್ಯ ಬಹು ಕಷ್ಟ. ಮಲೆನಾಡಿನವರಿಗೆ ಹಾಗಲ್ಲ, ಅಜ್ಜಿಯ ಕಾಲದ ಅಡಿಗೆಯೇ ಇದರ ಔಷಧ.

ನಿಶ್ಚಿಂತೆಯಿಂದ ತಿನ್ನಬಹುದಾದುವು: ಅಕ್ಕಿ, ಅವಲಕ್ಕಿ, ರಾಗಿ, ಜೋಳ, ಮೆಕ್ಕೆಜೋಳ, ನವಣೆ, ಸಾಮೆ, ಸಜ್ಜೆ, ಸಾಬಕ್ಕಿ, ಎಲ್ಲ ಬೇಳೆಕಾಳುಗಳು, ತರಕಾರಿ, ಸೊಪ್ಪು, ಹಲಸು, ಬಾಳೆ, ಗೆಡ್ಡೆಗೆಣಸು, ಹಾಲು, ಮೊಸರು, ತುಪ್ಪ, ಮೊಟ್ಟೆ, ಮೀನು, ಮಾಂಸ, ಬೆಲ್ಲ, ಜೇನು, ತೆಂಗು. ಅಕ್ಕಿರೊಟ್ಟಿ, ಕೊಟ್ಟೆಕಡುಬು, ಇಡ್ಲಿ, ದೋಸೆ, ಪತ್ರೊಡೆ, ಒತ್ತುಶಾವಿಗೆ, ಹಲಸಿನ ಹಪ್ಪಳ, ಕಬ್ಬಿನ ಹಾಲಿನಲ್ಲಿ ಅಕ್ಕಿ ಕಲಸಿ ಮಾಡುವ ತೊಡೆದೇವು ಇವುಗಳಲ್ಲಿ ಗೋಧಿಯಿಲ್ಲ.

ತಿನ್ನಲೇಬಾರದುವು: ಗೋಧಿ ಹಿಟ್ಟು, ಮೈದಾ, ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಗೋಧಿ ಕಡಿ, ಪೊಟ್ಟಣದ ಪಾಯಸದ ಶಾವಿಗೆ, ಚಪಾತಿ, ಪೂರಿ, ಪರೋಟ, ಹೋಳಿಗೆ, ಬ್ರೆಡ್ಡು, ಬನ್ನು, ಬಿಸ್ಕತ್ತು, ಕೇಕು ಮತ್ತು ಬಾರ್ಲಿ. ಓಟ್ಸ್ ಎಂಬ ಧಾನ್ಯದಲ್ಲಿ ಗೋಧಿಯ ಬೆರಕೆ ಇರುವ ಸಂಭವ ಹೆಚ್ಚಾದುದರಿಂದ ವೈದ್ಯರನ್ನು ಕೇಳದೆ ತಿನ್ನಬೇಡಿ.

ಹೆಸರಿನಿಂದ ಮೋಸಹೋಗಬೇಡಿ. ಇಡ್ಲಿ ರವೆಯು ಅಕ್ಕಿಯದು, ತಿನ್ನಬಹುದು. ರವೆ ಇಡ್ಲಿಯ ರವೆಯು ಗೋಧಿಯದು, ತಿನ್ನಬಾರದು. ಮೊಳಕೆ ಬರಿಸಿದ ರಾಗಿಯಿಂದ ಮನೆಯಲ್ಲಿ ಮಾಡಿದ ರಾಗಿ ಮಾಲ್ಟ್ ಒಳ್ಳೆಯದು. ಹಾಲಿಗೆ ಹಾಕಿಕೊಳ್ಳಲು ಅಂಗಡಿಯಲ್ಲಿ ಸಿಗುವ ಮಾಲ್ಟ್ ಪುಡಿಗಳಲ್ಲಿ ಸಾಮಾನ್ಯವಾಗಿ ಬಾರ್ಲಿಯೂ ಗೋಧಿಯೂ ಇರುತ್ತವೆ. ಉರಿಮೂತ್ರಕ್ಕೆಂದು, ಬಸಿರಿಯ ಕಾಲೂತಕ್ಕೆಂದು ಕೊಡುವ ಬಾರ್ಲಿ ನೀರು ಇವರಿಗೆ ಸಲ್ಲದು. ಬಿಯರ್ ಸಹ ಬಾರ್ಲಿಯಿಂದಲೇ ತಯಾರಾಗುತ್ತದೆ. ಪೇಟೆಯ ಇಂಗಿನಲ್ಲಿ ಅನೇಕ ವೇಳೆ ಗೋಧಿ ಹಿಟ್ಟು ಅಥವಾ ಮೈದಾ ಬೆರೆತಿರುತ್ತದೆ. ಆ ಇಂಗು ಸಾರಿನ ಪುಡಿ, ಉಪ್ಪಿನಕಾಯಿಗಳ ಮೂಲಕವೂ ಹೊಟ್ಟೆ ಸೇರುತ್ತದೆ. ಇಂಗನ್ನು ಬಿಟ್ಟು ಬೆಳ್ಳುಳ್ಳಿ ಅಥವಾ ಜೀರಿಗೆಯ ಒಗ್ಗರಣೆ ಹಾಕುವುದು ಸುಲಭೋಪಾಯ.

ಪೊಟ್ಟಣದ ಮೇಲೆ ಬರೆದಿರುವುದನ್ನು ಓದಿ ಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. "ಗ್ಲುಟೆನ್ ಮುಕ್ತ" ಎಂದು ಬರೆಯಬೇಕಾದರೆ 1 ಕಿಲೋಗ್ರಾಂ ಪದಾರ್ಥದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಆಹಾರ ನಿಯಮ. ಇಂಥ ಪೊಟ್ಟಣಗಳು ದುಬಾರಿ. ಮನೆಯ ಅಕ್ಕಿ ಇರುವಾಗ ಅವು ಅನಿವಾರ್ಯವೂ ಅಲ್ಲ.

ಅಡಿಗೆಮನೆಯ ಶಿಸ್ತು

"ಒಂದು ಚೂರಿನಿಂದ ಏನಾಗುತ್ತದೆ?" ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಸೇರಿದರೂ ಕೆಲವು ತಿಂಗಳಲ್ಲಿ ಕರುಳಿಗೆ ಹಾನಿಯಾಗುವುದೆಂದು ತಿಳಿದುಬಂದಿದೆ. ಒಂದು ಸಾಧಾರಣ ಚಪಾತಿಯಲ್ಲಿ ಸುಮಾರು 3 ಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ ಒಂದು ಚಪಾತಿಯನ್ನು ಅರವತ್ತು ಚೂರು ಮಾಡಿದರೆ ಅದರಲ್ಲಿ ಒಂದು ಚೂರು ಸಾಕು. ಆದುದರಿಂದ ಬೆರಕೆಯನ್ನು ತಡೆಯುವುದೇ ಈ ಪಥ್ಯದ ಅರ್ಧ ಭಾಗ.

ಹಿಟ್ಟಿನ ಗಿರಣಿ: ನಿಮಗಿಂತ ಮೊದಲು ಬೇರೆಯವರು ಗೋಧಿ ಬೀಸಿಸಿದ್ದರೆ ಅದರ ಹಿಟ್ಟು ನಿಮ್ಮ ಅಕ್ಕಿಹಿಟ್ಟಿನಲ್ಲಿ ಬೆರೆಯುತ್ತದೆ. ಅಕ್ಕಿಯನ್ನು ಮನೆಯಲ್ಲಿಯೇ ಬೀಸಿಕೊಳ್ಳುವುದು ಅಥವಾ ರುಬ್ಬಿಕೊಳ್ಳುವುದು ಉತ್ತಮ. ಅಕ್ಕಿಗಾಗಿಯೇ ಬೇರೆ ಗಿರಣಿಕಲ್ಲು ಇರುವ ಕಡೆ ಬೀಸಿಸುವುದು ಮಧ್ಯಮ. ಎರಡೂ ಆಗದಿದ್ದರೆ ಗಿರಣಿಯವರಿಗೆ ವಿಷಯ ತಿಳಿಸಿ, ಗಿರಣಿಯನ್ನು ಗುಡಿಸಿ ಒರೆಸಿದ ಮೇಲೆ ಮೊದಲು ಒಂದೆರಡು ಸೇರು ಅಕ್ಕಿ ಬೀಸಿಸಿ, ಆ ಹಿಟ್ಟನ್ನು ಮನೆಯ ಉಳಿದವರಿಗೆ ಬಳಸಿ. ಅನಂತರದ ಹಿಟ್ಟನ್ನು ರೋಗಿಗೆ ಇಡಿ. ಇದರಿಂದ ಬೆರಕೆ ಕಡಿಮೆಯಾಗುವುದೇ ಹೊರತು ಪೂರ್ಣ ಹೋಗುವುದಿಲ್ಲವೆಂಬುದು ನೆನಪಿರಲಿ.

ಪಾತ್ರೆ: ಸ್ಟೀಲು ಪಾತ್ರೆಗಳನ್ನು ಚೆನ್ನಾಗಿ ತಿಕ್ಕಿ ತೊಳೆದರೆ ಸಾಕು. ಆದರೆ ಕಾವಲಿ, ಮರದ ಸೌಟು, ಚಪಾತಿ ಮಣೆ, ಲಟ್ಟಣಿಗೆ, ಜರಡಿ ಇವುಗಳ ಸಂದುಗಳಲ್ಲಿ ಹಿಟ್ಟು ಉಳಿಯುತ್ತದೆ. ರೋಗಿಯ ರೊಟ್ಟಿಗೆ ಬೇರೆ ಕಾವಲಿ, ಬೇರೆ ಜರಡಿ ಇರಲಿ.

ಎಣ್ಣೆ: ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬಾರದು.

ಡಬ್ಬ: ಅಕ್ಕಿಹಿಟ್ಟಿನ ಡಬ್ಬಕ್ಕೆ ಗುರುತು ಹಚ್ಚಿ, ಮೇಲಿನ ಹಲಗೆಯಲ್ಲಿಡಿ. ಗೋಧಿ ಹಿಟ್ಟು ಕೆಳಗಿರಲಿ, ಉದುರಿದರೂ ತೊಂದರೆಯಿಲ್ಲ.

ಎಲ್ಲಕ್ಕಿಂತ ಸುಲಭವಾದ ದಾರಿ, ಮನೆಯ ಒಲೆಯ ಮೇಲೆ ಗೋಧಿಯನ್ನೇ ಏರಿಸದಿರುವುದು. ಅಕ್ಕಿಯ ನಾಡಿನಲ್ಲಿ ಇದು ಅಸಾಧ್ಯವಲ್ಲ.

ಹಬ್ಬ, ಪೂಜೆ, ನೆಂಟರ ಮನೆ

ಮನೆಯ ಊಟ ಸುಲಭ; ಹೊರಗಿನ ಊಟವೇ ಕಷ್ಟ. ನಮ್ಮ ಸೀಮೆಯಲ್ಲಿ ಉಪಚಾರವೆಂದರೆ ಒತ್ತಾಯ. ಬೇಡವೆಂದರೆ ಬಡಿಸುವವರಿಗೆ ಬೇಸರ, ತಿಂದರೆ ರೋಗಿಗೆ ಸಂಕಟ. ಮೇಲೆ ಹೇಳಿದ ಮಹಿಳೆಯು ನಾಲ್ಕು ತಿಂಗಳು ಪಥ್ಯವನ್ನು ಸರಿಯಾಗಿ ಪಾಲಿಸಿ ಚೇತರಿಸಿಕೊಂಡಿದ್ದರು. ಬಂಧುಗಳ ಗೃಹಪ್ರವೇಶದಲ್ಲಿ ಹಿರಿಯರೊಬ್ಬರ ಮಾತಿಗೆ ಕಟ್ಟುಬಿದ್ದು ಒಂದು ಹೋಳಿಗೆ ತಿಂದು, ಮರುದಿನದಿಂದ ವಾರವಿಡೀ ಹಾಸಿಗೆ ಹಿಡಿದರು. ಅಂದು ಪಕ್ಕದ ಪಂಕ್ತಿಯಲ್ಲಿಯೇ ಇದ್ದ ಪತಿ, "ನಾನು ಎದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು" ಎಂದು ನನ್ನ ಮುಂದೆ ಪಶ್ಚಾತ್ತಾಪಪಟ್ಟರು.

ಆ ಒಂದು ಮಾತನ್ನು ಮೊದಲೇ ಹೇಳಿಡಿ. ಊಟಕ್ಕೆ ಕರೆದವರಿಗೆ ಹಿಂದಿನ ದಿನವೇ, "ಇವರಿಗೆ ಗೋಧಿ, ಮೈದಾ, ರವೆ ಆಗುವುದಿಲ್ಲ, ಅನ್ನ, ಸಾರು, ಮಜ್ಜಿಗೆ ಸಾಕು. ಸಾರಿಗೆ ಇಂಗು ಹಾಕುವ ಮೊದಲು ಒಂದು ಬಟ್ಟಲು ತೆಗೆದಿಡಿ" ಎಂದು ತಿಳಿಸಿ. ಮರೆಮಾಚಬೇಡಿ. ಸಕ್ಕರೆ ಕಾಯಿಲೆಯವರು ಪಾಯಸ ಬೇಡವೆಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ಇದೂ ಹಾಗೆಯೇ.

ಸತ್ಯನಾರಾಯಣ ಪೂಜೆಯ ಸಜ್ಜಿಗೆಯು ಗೋಧಿ ರವೆಯದು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟರೆ ಭಕ್ತಿಗೆ ಕುಂದಿಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಕಡಲೆಬೇಳೆಯ ಪಂಚಕಜ್ಜಾಯಗಳೂ ಪ್ರಸಾದವೇ. ಮನೆಯ ಹಬ್ಬಕ್ಕೆ ಹೋಳಿಗೆಯ ಬದಲು ಅತಿರಸ, ಚೌತಿಗೆ ಅಕ್ಕಿಹಿಟ್ಟಿನ ಕಾಯಿಕಡುಬು, ಪಾಯಸಕ್ಕೆ ಸಾಬಕ್ಕಿ ಇರಲಿ.

ಸಾಗರದ ಮಾರಿಕಾಂಬಾ ಜಾತ್ರೆಗೂ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೂ ಹೋಗಬಾರದೆಂದಲ್ಲ. ಗೋಬಿ ಮಂಚೂರಿಯಲ್ಲಿ ಮೈದಾ ಇರುತ್ತದೆ, ಬಜ್ಜಿಯ ಎಣ್ಣೆಯಲ್ಲಿ ಏನೇನು ಕರಿದಿದ್ದಾರೋ ತಿಳಿಯದು. ಎಳನೀರು, ಕಬ್ಬಿನ ಹಾಲು, ಬೇಯಿಸಿದ ಮೆಕ್ಕೆಜೋಳ, ಕಡಲೆಕಾಯಿ, ಹಣ್ಣು ಇವುಗಳನ್ನು ಆರಿಸಿಕೊಳ್ಳಿ. ಹೋಟೆಲಿನ ದೋಸೆ ಕಾವಲಿಯ ಮೇಲೆ ರವೆ ದೋಸೆಯನ್ನೂ ಹೊಯ್ದಿರಬಹುದು. ಹಬೆಯಲ್ಲಿ ಬೆಂದ ಇಡ್ಲಿ ಅದಕ್ಕಿಂತ ವಾಸಿ. ದೂರ ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಳ್ಳುವುದು ಉತ್ತಮೋತ್ತಮ.

ಮಗುವಿಗೆ ಈ ಕಾಯಿಲೆಯಿದ್ದರೆ

ಮೊದಲ ಆರು ತಿಂಗಳು ಎಲ್ಲ ಮಕ್ಕಳಿಗೂ ತಾಯಿಯ ಹಾಲು ಮಾತ್ರ ಕೊಡಬೇಕು. ಅನಂತರ ಮೇಲುಣಿಸಿನಲ್ಲಿ ಗೋಧಿ ಸೇರಿದ ಮೇಲೆ ಕೆಲವು ತಿಂಗಳು ಅಥವಾ ವರ್ಷಗಳಲ್ಲಿ ಈ ಕಾಯಿಲೆ ತಲೆದೋರಬಹುದು. ಲವಲವಿಕೆಯಿಂದಿದ್ದ ಮಗು ಕಿರಿಕಿರಿಯಾಗಿ, ಊಟ ಸೇರದೆ, ಅಂಗನವಾಡಿಯ ಬೆಳವಣಿಗೆಯ ನಕ್ಷೆಯಲ್ಲಿ ಗೆರೆ ಮೇಲೇರದೆ ಮಲಗಿದರೆ ದೃಷ್ಟಿ ತೆಗೆಸುತ್ತ ಕಾಲ ಕಳೆಯಬೇಡಿ, ವೈದ್ಯರಿಗೆ ತೋರಿಸಿ.

ಪಥ್ಯ ಆರಂಭವಾದರೆ ಮಕ್ಕಳು ಬೇಗ ಚೇತರಿಸಿಕೊಳ್ಳುತ್ತಾರೆ. ಅಂಗನವಾಡಿ ಕಾರ್ಯಕರ್ತೆಗೂ ಶಾಲೆಯ ಉಪಾಧ್ಯಾಯರಿಗೂ ವೈದ್ಯರ ಚೀಟಿ ತೋರಿಸಿ, ಅಲ್ಲಿ ಕೊಡುವ ಆಹಾರದಲ್ಲಿ ಗೋಧಿ ಇದೆಯೇ ಎಂದು ವಿಚಾರಿಸಿ. ಗೆಳೆಯರ ಬಿಸ್ಕತ್ತನ್ನು ತಿನ್ನಬಾರದೆಂದು ಮಗುವಿಗೆ ಹೆದರಿಸಿ ಹೇಳಬೇಡಿ, ತಿಳಿಯಹೇಳಿ. "ನಿನ್ನ ಹೊಟ್ಟೆಗೆ ಅಕ್ಕಿಯೇ ಇಷ್ಟ" ಎಂದರೆ ನಾಲ್ಕು ವರ್ಷದ ಮಗುವೂ ಅರ್ಥಮಾಡಿಕೊಳ್ಳುತ್ತದೆ. ಅದರ ಚೀಲದಲ್ಲಿ ಎಳ್ಳುಂಡೆ, ಕಡಲೆಕಾಯಿ ಚಿಕ್ಕಿ, ಮನೆಯ ಚಕ್ಕುಲಿ ಇರಲಿ. ಅದೂ ಗೆಳೆಯರಿಗೆ ಹಂಚಲಿ.

ಒಬ್ಬರಿಗೆ ಕಾಯಿಲೆ ಖಚಿತವಾದರೆ ಅವರ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಸಹ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಇಂಥ ಹತ್ತಿರದ ರಕ್ತಸಂಬಂಧಿಗಳಲ್ಲಿ ಹತ್ತು ಹನ್ನೆರಡು ಮಂದಿಗೆ ಒಬ್ಬರಂತೆ ಈ ಕಾಯಿಲೆ ಇರುವ ಸಂಭವವುಂಟು.

ಗರ್ಭಧಾರಣೆ ಮತ್ತು ಅಂತರ

ಚಿಕಿತ್ಸೆಯಿಲ್ಲದ ಸೀಲಿಯಾಕ್ ಕಾಯಿಲೆಯಲ್ಲಿ ಗರ್ಭ ನಿಲ್ಲಲು ತಡವಾಗುವುದು, ಗರ್ಭಪಾತ, ಕಡಿಮೆ ತೂಕದ ಶಿಶು ಇವು ಹೆಚ್ಚಾಗಿ ಕಾಣುತ್ತವೆ. ಪಥ್ಯದಿಂದ ಕರುಳು ಮಾಸಿ, ರಕ್ತ ತುಂಬಿದ ಮೇಲೆ ಈ ಅಪಾಯಗಳು ತಗ್ಗುತ್ತವೆ. ಇದು ತಿಳಿಯದೆ ಎಷ್ಟೋ ಮನೆಗಳಲ್ಲಿ ಹೆಣ್ಣಿನ ಮೇಲೆ ಅಪವಾದ ಹೊರಿಸುತ್ತಾರೆ. ಎರಡನೆಯ ಮದುವೆಯ ಮಾತೂ ಏಳುತ್ತದೆ. ಇದು ದೊಡ್ಡ ಅನ್ಯಾಯ. ಬಂಜೆತನಕ್ಕೆ ಕಾರಣಗಳು ಹಲವು. ಗಂಡ ಹೆಂಡಿರಿಬ್ಬರೂ ಪರೀಕ್ಷೆಗೆ ಒಳಗಾಗಬೇಕು.

ಕಾಯಿಲೆ ಗೊತ್ತಾದ ಕೂಡಲೇ ಮಗುವಿಗಾಗಿ ಅವಸರಪಡಬೇಡಿ. ರಕ್ತಹೀನತೆ ವಾಸಿಯಾಗಿ ತೂಕ ಏರುವವರೆಗೆ ಗರ್ಭವನ್ನು ಮುಂದೂಡುವುದು ಕ್ಷೇಮ. ಕರುಳು ಸರಿಯಾಗಿ ಹೀರದಿರುವಾಗ ನುಂಗುವ ಗುಳಿಗೆಗಳ ಪರಿಣಾಮ ಕುಂದಬಹುದು; ರಕ್ತ ಕಡಿಮೆಯಿರುವವರಿಗೆ ಕಾಪರ್-ಟಿಯಿಂದ ಮುಟ್ಟಿನ ಸ್ರಾವ ಹೆಚ್ಚಬಹುದು. ಆದುದರಿಂದ ನಿಮಗೆ ಯಾವ ಅಂತರ ವಿಧಾನ ಸೂಕ್ತವೆಂಬುದನ್ನು ವೈದ್ಯರೊಡನೆ ಮಾತನಾಡಿ ನಿಶ್ಚಯಿಸಿ. ಪತಿಯು ನಿರೋಧ್ ಬಳಸುವುದರಿಂದ ಪತ್ನಿಯ ದೇಹಕ್ಕೆ ಯಾವ ಭಾರವೂ ಇಲ್ಲ. ಗರ್ಭ ಧರಿಸಲು ನಿಶ್ಚಯಿಸಿದಾಗ ಮುಂಚಿತವಾಗಿಯೇ ಫೋಲಿಕ್ ಆಮ್ಲದ ಮಾತ್ರೆ ಆರಂಭಿಸಬೇಕು. ಗರ್ಭಿಣಿಯಾದ ಮೇಲೂ ಪಥ್ಯವನ್ನು ಬಿಡಬಾರದು. ಬಯಕೆಯ ಹೆಸರಿನಲ್ಲಿ ಬೇಕರಿಯ ತಿಂಡಿ ತಂದುಕೊಡುವುದು ಪ್ರೀತಿಯಲ್ಲ.

ಆರೈಕೆ ಮತ್ತು ತಪಾಸಣೆ

ಪಥ್ಯ ಹಿಡಿದ ಕೆಲವೇ ವಾರಗಳಲ್ಲಿ ಭೇದಿ, ಉಬ್ಬರಗಳು ಇಳಿಯುತ್ತವೆ. ಆದರೆ ಒಳಗಿನ ಕರುಳು ಮಾಸಲು ಮಕ್ಕಳಲ್ಲಿ ಹಲವು ತಿಂಗಳು, ದೊಡ್ಡವರಲ್ಲಿ ಎರಡು ವರ್ಷವೋ ಇನ್ನೂ ಹೆಚ್ಚೋ ಬೇಕಾಗಬಹುದು. ಮೊದಲ ತಿಂಗಳುಗಳಲ್ಲಿ ಹಾಲು ಅರಗದೆ ಹೊಟ್ಟೆ ಉಬ್ಬರಿಸಿದರೆ ಮಜ್ಜಿಗೆ, ಮೊಸರು ಬಳಸಿ. ಕರುಳು ಸುಧಾರಿಸಿದಂತೆ ಹಾಲೂ ಒಗ್ಗುತ್ತದೆ. ಕಬ್ಬಿಣಾಂಶ, ಸುಣ್ಣ, ಜೀವಸತ್ವಗಳ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ಕಾಲ ತೆಗೆದುಕೊಳ್ಳಿ. ಆರು ತಿಂಗಳಿಗೆ, ವರ್ಷಕ್ಕೆ, ಅನಂತರ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ.

"ಈಗ ಚೆನ್ನಾಗಿದ್ದೇನೆ, ತಿಂದರೂ ಏನೂ ಆಗುತ್ತಿಲ್ಲ" ಎಂದು ಪಥ್ಯ ಮುರಿಯುವವರುಂಟು. ಹೊರಗೆ ನೋವು ಕಾಣದಿದ್ದರೂ ಒಳಗೆ ಕರುಳು ಸವೆಯುತ್ತಲೇ ಇರುತ್ತದೆ. ವರ್ಷಾನುಗಟ್ಟಲೆ ಹೀಗೆ ನಡೆದರೆ ಮೂಳೆಗಳು ಟೊಳ್ಳಾಗುತ್ತವೆ. ಅಪರೂಪವಾಗಿ ಕರುಳಿನ ಕ್ಯಾನ್ಸರ್ ಸಹ ಬರಬಹುದು. ಈ ಪಥ್ಯಕ್ಕೆ ಮಂಗಳ ಹಾಡುವ ದಿನವಿಲ್ಲ.

ಜೊತೆಗೂಡಿ ನಡೆಸಬೇಕಾದ ಪಥ್ಯ

ಜೀವಮಾನದ ಪಥ್ಯವನ್ನು ಒಬ್ಬರೇ ನಡೆಸಲಾರರು. ರೋಗಿ ಪತ್ನಿಯಾದರೆ ಮನೆಮಂದಿಗೆಲ್ಲ ಚಪಾತಿ ಲಟ್ಟಿಸಿ, ಕೊನೆಗೆ ತನಗಾಗಿ ಬೇರೆ ಒಲೆ ಹಚ್ಚುವ ಶ್ರಮ ಅವಳದಾಗುತ್ತದೆ. ದಣಿದ ದಿನ ಉಳಿದ ಚಪಾತಿಯನ್ನೇ ತಿಂದು ಮಲಗುತ್ತಾಳೆ. ರೋಗಿ ಪತಿಯಾದರೆ ತೋಟದ ಕೆಲಸದ ನಡುವೆ ಪೇಟೆಯ ಬನ್ನು ಅವನ ಕೈಗೆ ಬರುತ್ತದೆ. ಎರಡು ಕಡೆಯೂ ಕಾಯಿಲೆಗಿಂತ ಒಂಟಿತನವೇ ಪಥ್ಯವನ್ನು ಮುರಿಯುವುದು.

ಆ ಹೊಸನಗರದ ದಂಪತಿಗಳು ಹೋಳಿಗೆಯ ಪ್ರಸಂಗದ ಬಳಿಕ ಮನೆಯಲ್ಲಿ ಒಂದು ತೀರ್ಮಾನ ಮಾಡಿಕೊಂಡರು. ಪತಿಯು ಮನೆಗೆ ಗೋಧಿ ತರುವುದನ್ನೇ ನಿಲ್ಲಿಸಿದರು. ಅತ್ತೆಯವರು ರವೆಯ ಬದಲು ಅಕ್ಕಿತರಿಯ ಗಂಜಿ ಮಾಡತೊಡಗಿದರು. ಒಂದು ವರ್ಷದ ತಪಾಸಣೆಗೆ ಬಂದ ದಿನ ಪರೀಕ್ಷೆಯ ಫಲಿತಾಂಶಕ್ಕಾಗಿ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಹೊರಗಿನ ಜಗಲಿಯಲ್ಲಿ ಬಾಳೆಲೆಯ ಬುತ್ತಿ ಬಿಚ್ಚಿ ಇಬ್ಬರೂ ಅದೇ ಅಕ್ಕಿರೊಟ್ಟಿಯನ್ನು ತಿನ್ನುತ್ತಿದ್ದರು. ಹಿಮೋಗ್ಲೋಬಿನ್ 12 ಗ್ರಾಂ ಮುಟ್ಟಿತ್ತು. "ಇನ್ನು ಮಗುವಿನ ವಿಷಯ ಯೋಚಿಸಬಹುದು" ಎಂದು ನಾನು ಹೇಳಿದೆ. ಅವರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ನೆನಪಿನಲ್ಲಿಡಿ

• ಸೀಲಿಯಾಕ್ ಕಾಯಿಲೆ ಅಂಟುರೋಗವಲ್ಲ, ಯಾರ ತಪ್ಪೂ ಅಲ್ಲ.
• ಮಾತ್ರೆಗೆ ಬಗ್ಗದ ರಕ್ತಹೀನತೆ, ಬೆಳೆಯದ ಮಗು, ಮರುಕಳಿಸುವ ಗರ್ಭಪಾತ: ವೈದ್ಯರನ್ನು ಕಾಣಿ.
• ಪರೀಕ್ಷೆಯಾಗುವವರೆಗೆ ಗೋಧಿಯನ್ನು ಬಿಡಬೇಡಿ. ಖಚಿತವಾದ ಮೇಲೆ ಒಂದು ಚೂರೂ ತಿನ್ನಬೇಡಿ.
• ಗಿರಣಿ, ಕಾವಲಿ, ಇಂಗು ಇವುಗಳ ಮೇಲೆ ಕಣ್ಣಿರಲಿ.
• ಹತ್ತಿರದ ರಕ್ತಸಂಬಂಧಿಗಳಿಗೂ ಪರೀಕ್ಷೆ ಮಾಡಿಸಿ.
• ಪಥ್ಯ ಒಬ್ಬರದಾದರೂ ಅದರ ಹೊಣೆ ಇಬ್ಬರದು.